ರಕ್ತ ಹರಿದರೆ ಸಾಕೆ, ಕಲೆಯಾದೀತೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಜಾತ್ರೆಗಳಲ್ಲಿ ಪುರವಂತರ ಸೇವೆ ಕಂಡವರಿಗೆ ಆ ಕ್ಷಣ ಗೊತ್ತು. ಖಡ್ಗ ಹಿಡಿದು ಒಡಪು ಹೇಳುವ ಪುರವಂತ ನೋಡನೋಡುತ್ತಲೇ ಗಲ್ಲಕ್ಕೆ ಶಸ್ತ್ರ ಚುಚ್ಚಿಕೊಳ್ಳುತ್ತಾನೆ. ಮಕ್ಕಳು ಕಣ್ಣು ಮುಚ್ಚಿದರೆ ಹಿರಿಯರು ಕೈ ಮುಗಿಯುತ್ತಾರೆ. ಅದನ್ನು ಯಾರೂ ಬರಿಯ ಕ್ರೌರ್ಯವೆನ್ನುವುದಿಲ್ಲ. ಏಕೆಂದರೆ ಅದರ ಹಿಂದೆ ದಕ್ಷಯಜ್ಞದ ಕಥೆಯಿದೆ: ಮಗಳನ್ನೂ ಅಳಿಯನನ್ನೂ ಅವಮಾನಿಸಿದ ತಂದೆಯ ಗರ್ವ, ಮಗಳ ಸಾವು, ವೀರಭದ್ರನ ಕೋಪ. ಭಯಕ್ಕೆ ಅಲ್ಲೊಂದು ಅರ್ಥವಿದೆ.

ಫ್ರಾನ್ಸಿನ ಅತಿಭೀಕರ ಚಲನಚಿತ್ರಗಳನ್ನೂ ಇದೇ ಅಳತೆಗೋಲಿನಿಂದ ಅಳೆಯಬಹುದು. ಭಯಾನಕ ರಸ ಆ ದೇಶಕ್ಕೆ ಹೊಸದೇನಲ್ಲ. ಪ್ಯಾರಿಸ್ಸಿನ ಗ್ರಾಂ ಗಿನ್ಯೋಲ್ ರಂಗಮಂದಿರ 1897ರಿಂದ 1962ರವರೆಗೆ ಬೀಭತ್ಸ ನಾಟಕಗಳಿಗೇ ಹೆಸರಾಗಿತ್ತು. 1960ರಲ್ಲಿ ತೆರೆಕಂಡ ಜಾರ್ಜ್ ಫ್ರಾಂಜು ಅವರ ‘ಐಸ್ ವಿದೌಟ್ ಎ ಫೇಸ್’ ಚಿತ್ರದಲ್ಲಿ, ಅಪಘಾತದಲ್ಲಿ ಮುಖ ಕಳೆದುಕೊಂಡ ಮಗಳಿಗಾಗಿ ವೈದ್ಯನೊಬ್ಬ ಬೇರೆ ಹುಡುಗಿಯರ ಮುಖದ ಚರ್ಮವನ್ನೇ ತೆಗೆಯುತ್ತಾನೆ. ನೋಡುಗರನ್ನು ನಡುಗಿಸುವುದು ಅವನ ಕತ್ತಿಯಲ್ಲ, ಪರರ ಮಕ್ಕಳನ್ನು ಬಲಿಗೊಡಲು ಹೇಸದ ಅವನ ಪುತ್ರೀಪ್ರೇಮ.

ಜೂಲಿಯಾ ದ್ಯುಕೂರ್ನೊ ಅವರ ‘ರಾ’ (2016) ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ಕಥೆ. ಸಸ್ಯಾಹಾರಿ ಮನೆತನದ ಹುಡುಗಿ ಪಶುವೈದ್ಯಕೀಯ ಕಾಲೇಜು ಸೇರುತ್ತಾಳೆ. ರ‍್ಯಾಗಿಂಗ್ ಮಾಡುವವರು ಅವಳಿಗೆ ಮೊಲದ ಹಸಿ ಮೂತ್ರಪಿಂಡ ತಿನ್ನಿಸುತ್ತಾರೆ. ಅಲ್ಲಿಂದ ಶುರುವಾದ ಹಸಿವು ನರಮಾಂಸದವರೆಗೆ ಹೋಗುತ್ತದೆ. ಗುಂಪಿನಲ್ಲಿ ಒಬ್ಬಳಾಗಬೇಕೆಂಬ ಒತ್ತಡ ಎಳೆಯ ಮನಸ್ಸನ್ನು ಎಲ್ಲಿಗೆ ಒಯ್ದೀತು ಎಂಬುದೇ ಚಿತ್ರದ ನಿಜವಾದ ಭಯ. ಇದೇ ನಿರ್ದೇಶಕಿಯ ‘ಟಿಟಾನ್’ 2021ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ‘ಪಾಮ್ ದೋರ್’ ಪಡೆಯಿತು.

ಹಾಗೆಂದು ರಕ್ತ ಹರಿಸಿದ್ದೆಲ್ಲ ಕಲೆಯಾಗದು. ಪಾಸ್ಕಲ್ ಲೋಜಿಯೆ ಅವರ ‘ಮಾರ್ಟರ್ಸ್’ (2008) ಚಿತ್ರದ ದೀರ್ಘ ಚಿತ್ರಹಿಂಸೆಯ ಬಗ್ಗೆ ಫ್ರಾನ್ಸಿನಲ್ಲೇ ಒಮ್ಮತವಿರಲಿಲ್ಲ. ಮೊದಲು 18 ವರ್ಷದೊಳಗಿನವರಿಗೆ ನಿಷೇಧಿಸಿದ್ದ ಚಿತ್ರವನ್ನು ವಿರೋಧ ಬಂದ ಮೇಲೆ 16ಕ್ಕೆ ಇಳಿಸಲಾಯಿತು.

ಕಲೆಯಾದರೂ ಅದಕ್ಕೊಂದು ವಯಸ್ಸುಂಟು. ನಮ್ಮಲ್ಲಿ ‘ಎ’ ಪ್ರಮಾಣಪತ್ರದ ಚಿತ್ರಗಳು ವಯಸ್ಕರಿಗೆ ಮಾತ್ರ. 2023ರ ತಿದ್ದುಪಡಿ ಕಾಯ್ದೆ ‘ಯುಎ’ ವರ್ಗವನ್ನು 7, 13 ಹಾಗೂ 16 ವರ್ಷಗಳಂತೆ ವಿಂಗಡಿಸಿದೆ. ಒಟಿಟಿ ಸಂಸ್ಥೆಗಳು 13 ವರ್ಷ ಮೇಲ್ಪಟ್ಟವರ ಚಿತ್ರಗಳಿಗೆ ಪಾಲಕರು ಲಾಕ್ ಹಾಕುವ ಸೌಲಭ್ಯ ಕೊಡಬೇಕೆಂದು 2021ರ ನಿಯಮ ಹೇಳುತ್ತದೆ. ಆದರೆ ಮೊಬೈಲಿಗೆ ಲಾಕ್ ಹಾಕಿದಷ್ಟಕ್ಕೇ ಪಾಲಕರ ಕೆಲಸ ಮುಗಿಯದು. ಮಗ ಅಥವಾ ಮಗಳು ಇಂಥ ಚಿತ್ರದ ಮಾತೆತ್ತಿದಾಗ ಗದರುವ ಮೊದಲು, ‘ಅದರಲ್ಲಿ ಯಾರ ನೋವು ನಿನ್ನನ್ನು ತಟ್ಟಿತು?’ ಎಂದು ಕೇಳಿ ನೋಡಬೇಕು. ಉತ್ತರವಿದ್ದರೆ ಅದು ಕಥೆ; ಇಲ್ಲದಿದ್ದರೆ ಬರೀ ರಕ್ತ.