ನೆಲದೊಳಗಿನ ವಾಟ

ಕೆರೆಯ ಏರಿಯ ಕೆಳಗೆ ಹುಟ್ಟಿ ಬೆಳೆದವರಿಗೆ ‘ವಾಟ’ ಎಂಬ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಗದ್ದೆಗೆ ನೀರು ಹಾಯಿಸುವಾಗ, ಬಚ್ಚಲಿಗೆ ಕಲ್ಲು ಹಾಸುವಾಗ, ಮನೆಗೆ ಹೆಂಚು ಹೊದಿಸುವಾಗ ನಮ್ಮ ಹಿರಿಯರು ಮೊದಲು ನೋಡುವುದು ವಾಟವನ್ನೆ. ಇಷ್ಟನ್ನು ಕಣ್ಣಾರೆ ಕಂಡು ಬೆಳೆದ ನಾನು, ಮೂರು ವರ್ಷ ಭೂಗೋಳಶಾಸ್ತ್ರವನ್ನು ಓದಿದ ಮೇಲೆ, ಅಂಕಿಗಳಿಗೂ ವಾಟವಿರುತ್ತದೆ ಎಂಬುದನ್ನು ಮರೆತು ಮನೆಯವರಿಗೆ ನಷ್ಟವನ್ನುಂಟುಮಾಡಿದೆ. ಆ ಸಂಗತಿಯನ್ನು ಹೇಳಿ, ಅದರ ನೆಪದಿಂದ, ಭೂಗರ್ಭದಲ್ಲಿರುವ ನೀರಿನ ಮತ್ತು ತೈಲದ ನೆಲೆಗಳನ್ನು ಲೆಕ್ಕಕ್ಕೆ ತರುವವರು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಒಂದು ಪರೀಕ್ಷೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ಕಲಾವಿಭಾಗದ ವಿದ್ಯಾರ್ಥಿ. ಗಣಿತವನ್ನು ಬಲ್ಲವರು ತಪ್ಪು ಕಂಡಲ್ಲಿ ತಿದ್ದಬೇಕಾಗಿ ವಿನಂತಿ.

ಕಳೆದ ವರ್ಷ ಕ್ಷೇತ್ರಕಾರ್ಯಕ್ಕೆಂದು ನಮ್ಮೂರಿನ ತೆರೆದ ಬಾವಿಗಳನ್ನು ಅಳೆದೆ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಬಾವಿಯ ಬಾಯಿಂದ ನೀರಿನ ಮಟ್ಟಕ್ಕೆ ಎಷ್ಟು ಅಡಿ ಎಂದು ಗುರುತು ಹಾಕಿಕೊಳ್ಳುವುದು, ಅಷ್ಟೆ. ಹನ್ನೆರಡು ಬಾವಿಗಳು ಸಿಕ್ಕವು. ಒಂಬತ್ತು ಅಡಿಯಿಂದ ಇಪ್ಪತ್ತೊಂದು ಅಡಿಯವರೆಗೆ ಅಂಕಿಗಳು ಬಂದವು. ಕೂಡಿಸಿ ಭಾಗಿಸಿದರೆ ಸರಾಸರಿ ಹದಿಮೂರು ಅಡಿ ಚಿಲ್ಲರೆ. ಇದನ್ನು ಚೊಕ್ಕವಾಗಿ ಬರೆದು ಒಪ್ಪಿಸಿದೆ. ಅದೇ ಹೊತ್ತಿಗೆ ನಮ್ಮ ಚಿಕ್ಕಪ್ಪ ಊರಾಚೆಯ ಹೊಲದಲ್ಲಿ ಸಿಮೆಂಟ್ ರಿಂಗಿನ ಬಾವಿ ತೋಡಿಸುವವರಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೆ. ಆದುದರಿಂದ ನನ್ನ ಮಾತಿಗೆ, ಅದಕ್ಕೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಬೆಲೆಯಿದೆ. “ಸರಾಸರಿ ಹದಿಮೂರು ಅಡಿ, ಬೇಸಗೆಗೆಂದು ಇನ್ನು ಹತ್ತು ಸೇರಿಸಿದರೂ ಇಪ್ಪತ್ತನಾಲ್ಕು ಅಡಿಗೆ ಸಾಕು ಚಿಕ್ಕಪ್ಪ” ಎಂದೆ. ಅವರು ಒಂದೊಂದು ಅಡಿ ಎತ್ತರದ ಇಪ್ಪತ್ತನಾಲ್ಕು ರಿಂಗುಗಳನ್ನು ಸಾಲ ಮಾಡಿ ತರಿಸಿದರು. ಇಪ್ಪತ್ತನಾಲ್ಕು ಅಡಿ ಮುಗಿದರೂ ಬಂದದ್ದು ತಣ್ಣನೆಯ ಮಣ್ಣು, ನೀರಲ್ಲ. ಆಳುಗಳು ಕೂಲಿ ಪಡೆದು ಹೋದರು. ಚಿಕ್ಕಪ್ಪ ಬೈಯಲಿಲ್ಲ. “ಏನ್ಲಾ ಮಗ, ನಿನ್ ಲೆಕ್ಕ ಆ ನೀರಿಗೆ ಗೊತ್ತಾಗ್ಲಿಲ್ವಲ್ಲೋ” ಎಂದಷ್ಟೆ ಹೇಳಿ ಬೀಡಿ ಹಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು.

ಇದನ್ನು ನಮ್ಮ ಅಧ್ಯಾಪಕರಲ್ಲಿ ಹೇಳಿಕೊಂಡಾಗ ಅವರು ಒಂದೇ ಪ್ರಶ್ನೆ ಕೇಳಿದರು: “ಆ ಹನ್ನೆರಡು ಬಾವಿಗಳು ಎಲ್ಲೆಲ್ಲಿದ್ದುವು?” ನಕ್ಷೆಯ ಮೇಲೆ ಗುರುತಿಸಿದಾಗ ಗುಟ್ಟು ಬಯಲಾಯಿತು. ಒಂಬತ್ತು ಬಾವಿಗಳು ಏರಿಯ ಮಗ್ಗುಲಲ್ಲೆ ಗುಂಪಾಗಿದ್ದುವು. ಮೂರು ಮಾತ್ರ ದೂರದಲ್ಲಿದ್ದುವು. ಏರಿಯಿಂದ ನೂರು ಹೆಜ್ಜೆಯಲ್ಲಿದ್ದ ಬಾವಿಯಲ್ಲಿ ಒಂಬತ್ತು ಅಡಿಗೆ ನೀರು. ಏಳುನೂರು ಹೆಜ್ಜೆಯಲ್ಲಿದ್ದುದರಲ್ಲಿ ಇಪ್ಪತ್ತೊಂದಕ್ಕೆ. ಎಂದರೆ ನೂರು ಹೆಜ್ಜೆಗೆ ಎರಡು ಅಡಿಯಂತೆ ನೀರು ಆಳಕ್ಕೆ ಹೋಗುತ್ತಿತ್ತು. ಕೆರೆಯ ಬಸಿನೀರು ದೂರ ಹೋದಷ್ಟೂ ಕ್ಷೀಣಿಸುವುದು ಸಹಜವೆ ಅಲ್ಲವೆ? ಚಿಕ್ಕಪ್ಪನ ಹೊಲವಿದ್ದುದು ಸಾವಿರ ಹೆಜ್ಜೆಯಲ್ಲಿ. ನನ್ನ ಸರಾಸರಿ ಯಾವುದಾದರೊಂದು ಸ್ಥಳಕ್ಕೆ ಸರಿಹೊಂದುತ್ತಿದ್ದರೆ ಅದು ಏರಿಯ ಹತ್ತಿರದ ತೆಂಗಿನ ತೋಟಕ್ಕೆ. ಅಲ್ಲಿ ಯಾರಿಗೂ ಬಾವಿ ಬೇಕಾಗಿರಲಿಲ್ಲ.

ಹೀಗೆ ಅಳತೆಯೊಂದು ಸ್ಥಳದಿಂದ ಸ್ಥಳಕ್ಕೆ ಒಂದು ದಿಕ್ಕಿನಲ್ಲಿ ಏರುತ್ತಲೋ ಇಳಿಯುತ್ತಲೋ ಹೋಗುವುದನ್ನು ವಿಜ್ಞಾನಿಗಳು ಟ್ರೆಂಡ್ ಎನ್ನುತ್ತಾರೆ. ಇದಕ್ಕೆ ನಮ್ಮ ವಾಟವೆಂಬ ಮಾತೇ ಸಾಕೆಂದು ನನಗೆ ತೋರುತ್ತದೆ.

ಭೂಗರ್ಭವನ್ನು ಕುರಿತ ಲೆಕ್ಕವೆಲ್ಲವೂ ಕೆಲವೇ ರಂಧ್ರಗಳಿಂದ ಕಂಡುದನ್ನು ಕಾಣದ ಕಡೆಗೆ ಹಬ್ಬಿಸುವ ಲೆಕ್ಕ. ಈ ಶಾಸ್ತ್ರದ ಹುಟ್ಟು ಚಿನ್ನದ ಗಣಿಯಲ್ಲಿ. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡ್ ಗಣಿಗಳಲ್ಲಿ ದುಡಿದ ಡ್ಯಾನಿ ಕ್ರಿಗೆ ಎಂಬ ಎಂಜಿನಿಯರು 1951ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಮಾದರಿಗಳಲ್ಲಿ ಹೇರಳವಾಗಿ ಚಿನ್ನ ಕಂಡ ಕಲ್ಲಿನ ಭಾಗಗಳು ಅಗೆದಾಗ ಅಷ್ಟು ಕೊಡುತ್ತಿರಲಿಲ್ಲ. ಬಡವೆಂದು ತೋರಿದುವು ಅದಕ್ಕಿಂತ ಹೆಚ್ಚು ಕೊಡುತ್ತಿದ್ದುವು. ಫ್ರಾನ್ಸಿನ ಜಾರ್ಜ್ ಮಾಥೆರಾನ್ ಇದನ್ನು ಗಣಿತಕ್ಕೆ ಅಳವಡಿಸಿ, ಗೌರವಾರ್ಥವಾಗಿ ಈ ಅಂದಾಜಿನ ವಿಧಾನಕ್ಕೆ ಕ್ರಿಗೆಯವರ ಹೆಸರನ್ನೆ ಇಟ್ಟರು. ಕ್ರಿಗಿಂಗ್ ಎಂಬ ಈ ವಿಧಾನದಲ್ಲಿ ಹತ್ತಿರದ ಅಳತೆಗೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಒಂದೆಡೆ ಗುಂಪುಗೂಡಿದ ಅಳತೆಗಳು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದರಿಂದ ಅವು ತೂಕವನ್ನು ಹಂಚಿಕೊಳ್ಳಬೇಕು. ಆದರೆ ಇದರ ಸರಳ ರೂಪಗಳ ಅಡಿಯಲ್ಲಿ ಒಂದು ನಂಬಿಕೆ ಅಡಗಿದೆ: ನಾವು ಲೆಕ್ಕ ಹಾಕುವ ನೆರೆಯಲ್ಲೆಲ್ಲ ಸರಾಸರಿ ಒಂದೇ ಆಗಿರುತ್ತದೆ ಎಂಬುದು. ವಾಟವಿದ್ದಲ್ಲಿ ಈ ನಂಬಿಕೆಯೇ ಮುರಿಯುತ್ತದೆ. 1960ರ ದಶಕದ ಕೊನೆಗೆ ಮಾಥೆರಾನರೇ ವಾಟವನ್ನೂ ಒಳಗೊಳ್ಳುವ ಇನ್ನೊಂದು ರೂಪವನ್ನು ಕೊಟ್ಟರು. ಆದರೆ ಅದನ್ನು ಬಳಸಬೇಕೆ ಬೇಡವೆ ಎಂಬುದನ್ನು ಮನುಷ್ಯನೇ ಮೊದಲು ಪರೀಕ್ಷಿಸಿ ನಿಶ್ಚಯಿಸಬೇಕು.

ಇದಕ್ಕೆ ಅಮೆರಿಕದ ಟೆಕ್ಸಸ್ ಪ್ರಾಂತದ ಒಂದು ಉದಾಹರಣೆ ಬಹಳ ಪ್ರಸಿದ್ಧವಾದುದು. ಅಲ್ಲಿನ ಡೆಫ್ ಸ್ಮಿತ್ ಕೌಂಟಿಯ ನೆಲದಡಿಯ ಉಪ್ಪಿನ ಪದರಗಳಲ್ಲಿ ಅಣುಶಕ್ತಿಯ ತ್ಯಾಜ್ಯವನ್ನು ಹೂಳಬಹುದೆ ಎಂಬ ಪ್ರಶ್ನೆ ಎದ್ದಿತ್ತು. 1986ರಲ್ಲಿ ಆರಿಸಿದ ಮೂರು ಸ್ಥಳಗಳಲ್ಲಿ ಅದೂ ಒಂದು. ಆ ಉಪ್ಪಿನ ಕೆಳಗೆ ವುಲ್ಫ್‌ಕ್ಯಾಂಪ್ ಎಂಬ ನೀರುಳ್ಳ ಶಿಲಾಪದರವಿದೆ. ವಿಷ ಸೋರಿ ಅದಕ್ಕೆ ಇಳಿದರೆ ಯಾವ ಕಡೆಗೆ ಹೋದೀತು? 85 ಕಡೆ ಆ ಪದರದ ನೀರು ಒತ್ತಡದಿಂದ ಎಷ್ಟು ಎತ್ತರಕ್ಕೆ ಏರುತ್ತದೆಂದು ಅಳೆದಿದ್ದರು. ಸಮುದ್ರಮಟ್ಟದಿಂದ ಅತಿ ಕಡಿಮೆ ಎತ್ತರ 1024 ಅಡಿ, ಅತಿ ಹೆಚ್ಚು 3571 ಅಡಿ. ಈ 85 ಅಂಕಿಗಳನ್ನು ಬರಿಯ ಪಟ್ಟಿಯಾಗಿ ನೋಡಿದರೆ ಗೊಂದಲ. ನಕ್ಷೆಯ ಮೇಲಿಟ್ಟರೆ ನೈಋತ್ಯದಲ್ಲಿ ಎತ್ತರ, ಈಶಾನ್ಯದ ಕಡೆಗೆ ಇಳಿಜಾರು. ಈಶಾನ್ಯದಲ್ಲಿರುವುದು ಅಮರಿಲ್ಲೊ ನಗರ. ಸಂಖ್ಯಾಶಾಸ್ತ್ರಜ್ಞರಾದ ನೋಯೆಲ್ ಕ್ರೆಸ್ಸಿಯವರು 1989ರಲ್ಲಿ ಈ ಅಂಕಿಗಳನ್ನು ವಿಶ್ಲೇಷಿಸಿ ಬರೆದ ಮೇಲೆ ಇವು ಪಠ್ಯಪುಸ್ತಕಗಳನ್ನು ಸೇರಿವೆ. ಇಲ್ಲಿ ವಾಟವೆಂಬುದು ಕಳೆದುಹಾಕಬೇಕಾದ ಅಡಚಣೆಯಲ್ಲ, ಕೇಳಿದ ಪ್ರಶ್ನೆಗೆ ಉತ್ತರವೇ ಅದು. ಸರಾಸರಿ ತೆಗೆದವನಿಗೆ ಎತ್ತರವೊಂದು ಸಿಕ್ಕೀತು, ಊರಿನ ಹೆಸರು ಸಿಕ್ಕದು. (1987ರ ಕೊನೆಗೆ ಅಮೆರಿಕದ ಕಾಂಗ್ರೆಸ್ಸು ನೆವಾಡದ ಯಕ್ಕಾ ಬೆಟ್ಟವೊಂದನ್ನೆ ಪರಿಶೀಲನೆಗೆ ಉಳಿಸಿಕೊಂಡು ಉಳಿದೆರಡನ್ನು ಕೈಬಿಟ್ಟಿತು.)

ಹಾಗಾದರೆ ಪರೀಕ್ಷೆ ಹೇಗೆ? ಮೊದಲನೆಯದು ಯಾವ ಯಂತ್ರವೂ ಬೇಡದ ಕೆಲಸ. ಅಳತೆಗಳನ್ನು ನಕ್ಷೆಯ ಮೇಲೆ ಅವವುಗಳ ಸ್ಥಾನದಲ್ಲಿ ಬರೆಯುವುದು. ಆಮೇಲೆ ಪೂರ್ವ-ಪಶ್ಚಿಮವಾಗಿ ಒಮ್ಮೆ, ದಕ್ಷಿಣೋತ್ತರವಾಗಿ ಒಮ್ಮೆ, ಆಳದ ಗುಂಟ ಒಮ್ಮೆ ಅವನ್ನು ರೇಖಾಪಟದಲ್ಲಿ ಗುರುತಿಸಿ ಚುಕ್ಕೆಗಳು ವಾಲುತ್ತವೆಯೋ ಎಂದು ನೋಡುವುದು. ಎರಡನೆಯದು ವೇರಿಯೋಗ್ರಾಮ್ ಎಂಬ ಪಟ. ಬಾವಿಗಳನ್ನು ಜೋಡಿಜೋಡಿಯಾಗಿ ತೆಗೆದುಕೊಂಡು, ಇಷ್ಟು ದೂರದ ಜೋಡಿಗಳಲ್ಲಿ ಅಂಕಿಗಳ ವ್ಯತ್ಯಾಸ ಎಷ್ಟೆಂದು ಲೆಕ್ಕ ಹಾಕಿ, ಆ ವ್ಯತ್ಯಾಸದ ವರ್ಗಗಳ ಸರಾಸರಿಯ ಅರ್ಧವನ್ನು ದೂರದ ಎದುರು ಗುರುತಿಸುತ್ತಾರೆ. ನೆರೆಯ ಬಾವಿಗಳು ಒಂದನ್ನೊಂದು ಹೋಲುವುದರಿಂದ ಪಟ ಕೆಳಗಿನಿಂದ ಹೊರಟು, ದೂರ ಹೆಚ್ಚಿದಂತೆ ಏರಿ, ಒಂದು ದೂರದ ನಂತರ ಸಮತಟ್ಟಾಗಬೇಕು. ಸಮತಟ್ಟಾಗದೆ ಏರುತ್ತಲೇ ಹೋದರೆ ವಾಟವಿದೆಯೆಂದು ಸಂಶಯಿಸಬೇಕು. ಒಂದು ದಿಕ್ಕಿನಲ್ಲಿ ಮಾತ್ರ ಹಾಗೆ ಏರಿ, ಅಡ್ಡ ದಿಕ್ಕಿನಲ್ಲಿ ಶಾಂತವಾಗಿದ್ದರೆ ಸಂಶಯ ಬಲವಾಗುತ್ತದೆ. ನಮ್ಮೂರಿನಲ್ಲಿಯೂ ಏರಿಯ ಉದ್ದಕ್ಕೆ ನಡೆದರೆ ನೀರಿನ ಆಳ ಹೆಚ್ಚು ಬದಲಾಗದು. ಏರಿಗೆ ಬೆನ್ನು ಮಾಡಿ ನಡೆದರೆ ಪ್ರತಿ ಹೆಜ್ಜೆಗೂ ಬದಲಾಗುತ್ತದೆ.

ತೈಲದ ನೆಲೆಗಳಲ್ಲಿ ಈ ತಪ್ಪು ಇನ್ನೂ ದುಬಾರಿ. ತೈಲವು ನೀರಿಗಿಂತ ಹಗುರವಾದುದರಿಂದ ಮಡಿಸಿದ ಶಿಲಾಪದರದ ನೆತ್ತಿಗೆ ಏರಿ ನಿಲ್ಲುತ್ತದೆ. ಸಹಜವಾಗಿ ಮೊದಲ ಬಾವಿಗಳನ್ನು ಆ ನೆತ್ತಿಯಲ್ಲೆ ಕೊರೆಯುತ್ತಾರೆ. ಮರಳುಗಲ್ಲಿನ ಕಣಗಳ ನಡುವಣ ಎಡೆಯಾದರೋ ಆಳಕ್ಕೆ ಹೋದಷ್ಟೂ ಕುಗ್ಗುವಂಥದು: ಹೊಸದಾಗಿ ಬಿದ್ದ ಮರಳಿನಲ್ಲಿ ನೂರಕ್ಕೆ ಸುಮಾರು 40 ಪಾಲು ಬಯಲಿದ್ದರೆ, ಕೆಲವು ಸಾವಿರ ಮೀಟರುಗಳ ಭಾರದ ಕೆಳಗೆ ಅದು ಅನೇಕ ವೇಳೆ 20ಕ್ಕಿಂತ ಕೆಳಗಿಳಿಯುತ್ತದೆ. ನೆತ್ತಿಯ ಬಾವಿಗಳ ಸರಾಸರಿಯನ್ನು ಇಳಿಜಾರುಗಳಿಗೂ ಹಬ್ಬಿಸಿದರೆ ಇಲ್ಲದ ತೈಲ ಲೆಕ್ಕದ ಪುಸ್ತಕದಲ್ಲಿ ಉಕ್ಕುತ್ತದೆ. ಏರಿಯ ಮಗ್ಗುಲ ಒಂಬತ್ತು ಬಾವಿಗಳ ಕಥೆಯೇ ಇದು. ನೀರಿದ್ದಲ್ಲಿಯೇ ನಮ್ಮ ಹಿರಿಯರು ಬಾವಿ ತೋಡಿದ್ದರು, ನಾನು ಬಾವಿ ಇದ್ದಲ್ಲಿಯೇ ಅಳೆದೆ.

ಇದಕ್ಕೆ ವಿರುದ್ಧವಾದ ತಪ್ಪೂ ಒಂದುಂಟು. ಕಂಡಕಂಡಲ್ಲೆಲ್ಲ ವಾಟವನ್ನು ಕಾಣುವುದು. ಹನ್ನೆರಡು ಚುಕ್ಕೆಗಳಿದ್ದರೆ ಹನ್ನೆರಡನ್ನೂ ಮುಟ್ಟಿಕೊಂಡು ಹೋಗುವ ಡೊಂಕು ರೇಖೆಯನ್ನು ಎಳೆಯಲು ಗಣಿತಕ್ಕೆ ಕಷ್ಟವಿಲ್ಲ. ಆದರೆ ಕೊನೆಯ ಚುಕ್ಕೆಯನ್ನು ದಾಟಿದೊಡನೆ ಅದು ಆಕಾಶಕ್ಕೋ ಪಾತಾಳಕ್ಕೋ ಹಾರುತ್ತದೆ. ಕೆರೆಯ ಬಸಿನೀರಿನಂತೆ, ಮೇಲಿನ ಪದರಗಳ ಭಾರದಂತೆ, ವಾಟಕ್ಕೊಂದು ಕಾರಣವನ್ನು ನೆಲದಲ್ಲಿಯೇ ತೋರಿಸಲು ಬರದಿದ್ದರೆ ಅದನ್ನು ಅಳತೆಯ ಎಲ್ಲೆಯಿಂದಾಚೆಗೆ ನಂಬಬಾರದೆಂಬುದು ನನ್ನ ಅಭಿಪ್ರಾಯ. ನಮ್ಮ ಬಯಲುಸೀಮೆಯ ಗಟ್ಟಿ ಬಂಡೆಯ ಕೊಳವೆಬಾವಿಗಳಿಗೆ ನನ್ನ ನೂರು ಹೆಜ್ಜೆಯ ಲೆಕ್ಕವನ್ನು ಯಾರೂ ಹಚ್ಚಬಾರದು. ಅಲ್ಲಿ ನೀರು ಬಿರುಕುಗಳಲ್ಲಿದೆ. ಪಕ್ಕದ ಹೊಲದಲ್ಲಿ ಧಾರೆಯಾಗಿ ಬಂದದ್ದು ನಮ್ಮದರಲ್ಲಿ ಬರೀ ದೂಳಾಗಿ ಬರುವುದುಂಟು.

ರಜೆಯಲ್ಲಿ ಊರಿಗೆ ಹೋಗಿ, ರೇಖೆ ಎಳೆದ ಕಾಗದವನ್ನು ಚಿಕ್ಕಪ್ಪನ ಮುಂದೆ ಹರಡಿದೆ. ಸಾವಿರ ಹೆಜ್ಜೆಗೆ ಇಪ್ಪತ್ತೇಳು ಅಡಿ ಎಂದು ರೇಖೆ ಹೇಳುತ್ತಿತ್ತು. ಅವರು ಕಾಗದವನ್ನೂ ನನ್ನ ಮುಖವನ್ನೂ ನೋಡಿ, ಈ ಸಲ ಹನ್ನೆರಡು ರಿಂಗು ತರಿಸಿದರು. ಇಪ್ಪತ್ತೇಳರಲ್ಲಿ ನೀರು ಬರಲಿಲ್ಲ. ನಾನು ಅಲ್ಲಿಂದ ಎದ್ದು ಹೋಗಿಬಿಡೋಣವೆಂದಿದ್ದೆ. ಇಪ್ಪತ್ತೊಂಬತ್ತನೆಯ ಅಡಿಯಲ್ಲಿ ಗುಂಡಿಯೊಳಗಿದ್ದವನು ಕೂಗಿದ. ಆ ಎರಡು ಅಡಿಯ ಅಂತರ ಎಲ್ಲಿಂದ ಬಂತೆಂದು ಅಧ್ಯಾಪಕರನ್ನು ಕೇಳಿದೆ. ಬಾವಿಗಳ ಬಾಯಿ ಒಂದೇ ಮಟ್ಟದಲ್ಲಿರಲಿಲ್ಲವಷ್ಟೆ, ಮಣ್ಣೂ ಎಲ್ಲ ಕಡೆ ಒಂದೇ ಅಲ್ಲ; ವಾಟವನ್ನು ಕಳೆದ ಮೇಲೆ ಉಳಿಯುವ ಇಂತಹ ಶೇಷಕ್ಕೇ ಕ್ರಿಗಿಂಗ್ ಬೇಕಾಗುವುದು ಎಂದರು. ಆ ಹನ್ನೆರಡು ಶೇಷಗಳನ್ನು ಈಗ ಪಟ್ಟಿ ಮಾಡಿಕೊಂಡಿದ್ದೇನೆ.