ನಗು ಬರೆಯುವ ಕೆಲಸ

ಟಿ.ವಿ.ಯಲ್ಲಿ ಹಾಸ್ಯದ ಧಾರಾವಾಹಿ ಬರುತ್ತೆ. ನಾವೆಲ್ಲ ನೋಡ್ತೀವಿ. ಹೊಟ್ಟೆ ಹುಣ್ಣಾಗುವಂತೆ ನಗ್ತೀವಿ. ಯಾರು ನಗಿಸಿದರು ಅಂತ ಕೇಳಿದರೆ ನಟರ ಹೆಸರು ಹೇಳ್ತೀವಿ. ಆದರೆ ನಟರು ಆಡುವ ಮಾತನ್ನು ಬರೆದುಕೊಟ್ಟವರು ಯಾರು? ಅವರ ಮುಖ ನಮಗೆ ಕಾಣೋದಿಲ್ಲ. ಅವರ ಕೆಲಸ ಎಂಥದು ಅಂತಲೂ ಗೊತ್ತಿರೋದಿಲ್ಲ.

ಆ ಕೆಲಸದ ಗುಟ್ಟನ್ನು ಎಲ್ಲರಿಗೂ ಹೇಳಿಕೊಟ್ಟ ಒಬ್ಬ ಹಿರಿಯರ ವಿಷಯ ತಿಳಿಯೋಣ.

ಕೆನ್ ಲೆವೈನ್ ಯಾರು?

ಕೆನ್ ಲೆವೈನ್ ಅಮೆರಿಕ ದೇಶದವರು. ಹುಟ್ಟಿದ್ದು 1950ರಲ್ಲಿ. ಹರೆಯದಲ್ಲಿ ರೇಡಿಯೊದಲ್ಲಿ ಹಾಡು ಹಾಕುವ, ಮಾತಾಡುವ ಕೆಲಸ ಮಾಡಿದರು. ಆಮೇಲೆ ಗೆಳೆಯ ಡೇವಿಡ್ ಐಸಾಕ್ಸ್ ಜೊತೆ ಸೇರಿ ಟಿ.ವಿ.ಗೆ ಬರೆಯತೊಡಗಿದರು. ‘ಮ್ಯಾಷ್’, ‘ಚಿಯರ್ಸ್’, ‘ಫ್ರೇಜಿಯರ್’ ಎಂಬ ಹೆಸರಾದ ಧಾರಾವಾಹಿಗಳಿಗೆ ಇಬ್ಬರೂ ಬರೆದಿದ್ದಾರೆ.

ನಗು ಎಲ್ಲಿಂದ ಬರುತ್ತೆ?

ಬರೀ ಚುಟುಕು ಜೋಕು ಸೇರಿಸಿದರೆ ಧಾರಾವಾಹಿ ಆಗೋದಿಲ್ಲ. ಮೊದಲು ಕಥೆ ಬೇಕು. ಕಥೆಯಲ್ಲಿ ಜೀವ ಇರುವ ಮನುಷ್ಯರು ಬೇಕು. ‘ಫ್ರೇಜಿಯರ್’ನ ನಾಯಕ ಮನೋವೈದ್ಯ. ರೇಡಿಯೊದಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತಾನೆ. ತನ್ನ ಮನೆಯ ಜಗಳ ಮಾತ್ರ ಬಗೆಹರಿಸೋಕೆ ಆಗಲ್ಲ. ಅಲ್ಲೇ ನಗು ಹುಟ್ಟುತ್ತೆ.

‘ಮ್ಯಾಷ್’ 1972ರಿಂದ 1983ರವರೆಗೆ ನಡೆಯಿತು. ಅದು ಕೊರಿಯಾ ಯುದ್ಧದ ಕಾಲದ ಸೈನಿಕ ಆಸ್ಪತ್ರೆಯ ಕಥೆ. ಆ ಯುದ್ಧದಲ್ಲಿ ದುಡಿದಿದ್ದ ನಿಜವಾದ ಡಾಕ್ಟರು, ನರ್ಸುಗಳನ್ನು ಮಾತಾಡಿಸಿ ಎಷ್ಟೋ ಸಂಗತಿ ಕಲೆಹಾಕಿದ್ದರು. 1978ರಲ್ಲಿ ಲೆವೈನ್ ಮತ್ತು ಐಸಾಕ್ಸ್ ಅದರ ಒಂದು ಕಂತು ಬರೆದರು. ಅದರಲ್ಲಿ ಒಬ್ಬ ಸೈನಿಕನ ಗಂಟಲಿಗೆ ಪೆಟ್ಟಾಗಿರುತ್ತೆ. ಮಾತಾಡೋಕೆ ಆಗೋದಿಲ್ಲ. ಇಡೀ ಕಂತನ್ನು ನಾವು ಅವನ ಕಣ್ಣಿಂದಲೇ ನೋಡ್ತೀವಿ. ನಗಿಸುವವರು ನೋವನ್ನೂ ಬಲ್ಲವರಾಗಿರಬೇಕು.

ತಿದ್ದಬೇಕು, ಮತ್ತೆ ತಿದ್ದಬೇಕು

ಅಲ್ಲಿ ಹಲವು ಬರಹಗಾರರು ಒಂದೇ ಕೋಣೆಯಲ್ಲಿ ಕೂತು ಕಥೆ ಕಟ್ಟುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಬರೆದದ್ದನ್ನು ನಟರು ಮೇಜಿನ ಸುತ್ತ ಕೂತು ಓದುತ್ತಾರೆ. ನಗು ಬರದ ಮಾತಿಗೆ ಗೆರೆ ಎಳೆದು ಹೊಸದು ಬರೀತಾರೆ. ತಾಲೀಮು ನೋಡಿ ಮತ್ತೆ ತಿದ್ದುತ್ತಾರೆ. ಎಷ್ಟೋ ಸಲ ರಾತ್ರಿಯೆಲ್ಲ ನಿದ್ದೆ ಇಲ್ಲ. ‘ಚಿಯರ್ಸ್’ ಅನ್ನು ಜನರ ಎದುರಿಗೇ ಚಿತ್ರೀಕರಿಸುತ್ತಿದ್ದರು. ಜನ ನಕ್ಕರೆ ಗೆದ್ದ ಹಾಗೆ. ಇಲ್ಲದಿದ್ದರೆ ಅಲ್ಲೇ ನಿಂತು ಬೇರೆ ಮಾತು ಹುಡುಕಬೇಕು.

ನೋಡಿ, ಇಷ್ಟು ಪಳಗಿದವರೂ ಒಂದೇ ಸಲಕ್ಕೆ ಸರಿಯಾಗಿ ಬರೆಯೋದಿಲ್ಲ. ಹಾಗಿರುವಾಗ ನಾವು ಬರೆದದ್ದನ್ನು ಅಳಿಸಿ ಬರೆಯೋಕೆ ನಾಚಿಕೆ ಯಾಕೆ?

ಪಾಡ್‌ಕಾಸ್ಟ್ ಎಂದರೇನು?

2017ರಲ್ಲಿ ಲೆವೈನ್ ‘ಹಾಲಿವುಡ್ ಅಂಡ್ ಲೆವೈನ್’ ಎಂಬ ಪಾಡ್‌ಕಾಸ್ಟ್ ಶುರು ಮಾಡಿದರು. ಪಾಡ್‌ಕಾಸ್ಟ್ ಎಂದರೆ ರೇಡಿಯೊ ಕಾರ್ಯಕ್ರಮದ ಹಾಗೆ. ಆದರೆ ರೇಡಿಯೊ ಹೇಳಿದ ಹೊತ್ತಿಗೇ ಬರುತ್ತೆ, ಆಗಲೇ ಕೇಳಬೇಕು. ಪಾಡ್‌ಕಾಸ್ಟ್ ಇಂಟರ್‌ನೆಟ್‌ನಲ್ಲಿ ಇರುತ್ತೆ. ಮೊಬೈಲಿನಲ್ಲಿ ಬೇಕಾದಾಗ ಕೇಳಬಹುದು. ಅರ್ಧಕ್ಕೆ ನಿಲ್ಲಿಸಿ, ಮತ್ತೆ ಮುಂದುವರಿಸಬಹುದು. ದೊಡ್ಡ ಸ್ಟುಡಿಯೊ ಬೇಕಿಲ್ಲ. ಒಂದು ಮೈಕು, ಒಂದು ಕಂಪ್ಯೂಟರು ಸಾಕು. ರೇಡಿಯೊದಲ್ಲಿ ಮಾತಾಡಿ ಪಳಗಿದ್ದ ಲೆವೈನ್‌ಗೆ ಇದು ಸುಲಭವಾಯಿತು. ಕಥೆ ಹೇಗೆ ಕಟ್ಟಬೇಕು, ಕೋಣೆಯಲ್ಲಿ ಏನು ನಡೆಯುತ್ತಿತ್ತು, ಯಾವ ಧಾರಾವಾಹಿ ಯಾಕೆ ಸೋತಿತು ಎಂಬುದನ್ನೆಲ್ಲ ಹೇಳಿದರು.

ಇದು ಯಾಕೆ ಮುಖ್ಯ?

ಹಿಂದೆ ಅಲ್ಲಿ ಒಂದು ಧಾರಾವಾಹಿಗೆ ವರ್ಷಕ್ಕೆ 22ಕ್ಕಿಂತ ಹೆಚ್ಚು ಕಂತು ಇರುತ್ತಿದ್ದವು. ಹೊಸಬರು ಹಿರಿಯರ ಪಕ್ಕದಲ್ಲಿ ಕೂತು ಕೆಲಸ ಕಲಿಯುತ್ತಿದ್ದರು. ಈಚೆಗೆ ಎಷ್ಟೋ ಧಾರಾವಾಹಿಗಳಿಗೆ ಎಂಟೋ ಹತ್ತೋ ಕಂತು ಅಷ್ಟೆ. ಬರಹಗಾರರ ಕೋಣೆಯೂ ಚಿಕ್ಕದಾಯಿತು. 2023ರಲ್ಲಿ ಅಲ್ಲಿನ ಬರಹಗಾರರು 148 ದಿನ ಮುಷ್ಕರ ಹೂಡಿದರು. ಕೋಣೆಯಲ್ಲಿ ಇಂತಿಷ್ಟು ಜನರಾದರೂ ಇರಲೇಬೇಕು ಅನ್ನೋದು ಅವರ ಬೇಡಿಕೆಗಳಲ್ಲಿ ಒಂದು.

ಕಲಿಯುವ ಜಾಗ ಕಡಿಮೆಯಾದರೆ ವಿದ್ಯೆ ಹಿರಿಯರ ಜೊತೆಗೇ ಹೋಗಿಬಿಡುತ್ತೆ. ಅದಕ್ಕೇ ಬಲ್ಲವರು ಬಾಯಿಬಿಟ್ಟು ಹೇಳಬೇಕು. ಆ ಕೋಣೆಯ ಬಾಗಿಲು ತಟ್ಟಲಾಗದ ಬಡ ಹುಡುಗನೂ ಮನೆಯಲ್ಲೇ ಕೂತು ಕೇಳಬಹುದು. ಪಕ್ಕದಲ್ಲಿ ಕೂತು ಕಲಿತಷ್ಟು ಆಗದು, ನಿಜ. ಆದರೂ ದಾರಿ ಕಾಣುತ್ತೆ.

ನಮ್ಮ ಊರಲ್ಲೂ ಬಯಲಾಟ ಕಲಿಸಿದವರು, ಜನರನ್ನು ನಗಿಸಿದ ಹಿರಿಯರು ಇದ್ದಾರಲ್ಲವೇ? ಅವರ ಹತ್ತಿರ ಹೋಗಿ ಕೂರೋಣ. ಕೇಳೋಣ. ಈಗ ನಮಗೆ ಅಕ್ಷರ ಬರುತ್ತೆ. ಅವರು ಹೇಳಿದ್ದನ್ನು ಬರೆದಿಡೋಣ.