ರಜೆ ಯಾವಾಗ, ಗಾಳಿ ಯಾವುದು?

ಕೈಟ್‌ಬೋರ್ಡಿಂಗ್ ಕಲಿತು ಸ್ವಂತ ಸಲಕರಣೆ ಕೊಳ್ಳಲು ಹೊರಟಿದ್ದೀರಾ? ಅಂಗಡಿಗೆ ಹೋಗುವ ಮುಂಚೆ ಕ್ಯಾಲೆಂಡರ್ ತೆಗೆದು ನೋಡಿ.

ಮುಧೋಳ, ಜಮಖಂಡಿ ಕಡೆಯ ದನದ ಸಂತೆಯಲ್ಲಿ ಎತ್ತು ಕೊಳ್ಳಲು ಬಂದವರನ್ನು ದಲ್ಲಾಳಿ ಮೊದಲು ಕೇಳುವುದು ‘ಯಾವ ಕೆಲಸಕ್ಕರೀ?’ ಎಂದು. ತೆರಬಂಡಿ ಸ್ಪರ್ಧೆಗೆ ಕಟ್ಟುವ ಜೋಡಿ ಬೇರೆ, ಕಬ್ಬಿನ ಗಾಡಿಗೆ ಹೂಡುವ ಜೋಡಿ ಬೇರೆ. ಕಡಲ ಮೇಲೆ ಗಾಳಿಪಟ ಹಿಡಿದು ಹಲಗೆಯ ಮೇಲೆ ಓಡುವ ಕೈಟ್‌ಬೋರ್ಡಿಂಗ್‌ನಲ್ಲಿಯೂ ಕೊಳ್ಳುವವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ. ಆದರೆ ಹೆಚ್ಚಿನವರು ವಿಡಿಯೊದಲ್ಲಿ ಯಾರೋ ಮೂವತ್ತು ಮೀಟರ್ ಎತ್ತರಕ್ಕೆ ಜಿಗಿದದ್ದನ್ನು ನೋಡಿ ಅದೇ ಕೈಟ್ ತರಿಸುತ್ತಾರೆ. ಆಮೇಲೆ ಅದು ಅಟ್ಟ ಸೇರುತ್ತದೆ.

ಆಟ ಸರಳವಾಗಿಯೇ ಇದೆ. ಸೊಂಟಕ್ಕೆ ಹಾರ್ನೆಸ್, ಕೈಯಲ್ಲಿ ಬಾರ್, ಅದರಿಂದ ಹೊರಟ 20ರಿಂದ 24 ಮೀಟರ್ ಉದ್ದದ ದಾರಗಳ ತುದಿಗೆ ಕೈಟ್, ಕಾಲಡಿ ಬೋರ್ಡ್. ಫ್ರಾನ್ಸಿನ ಬ್ರಿಟನಿಯ ಲೆಗೆನ್ಯೂ ಸಹೋದರರು ಗಾಳಿ ತುಂಬಿಸುವ ಕೈಟಿಗೆ 1984ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಮೇಲೇಳುವ ಪಟ ಅದು. ಅಲ್ಲಿಂದ ಹೊರಟ ಈ ಆಟ 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಬಂತು. ಮಾರ್ಸೇ ಕಡಲಲ್ಲಿ ನಡೆದ ಸ್ಪರ್ಧೆಯಲ್ಲಿ ಸಿಂಗಪುರದ 17 ವರ್ಷದ ಮ್ಯಾಕ್ಸ್ ಮೇಡರ್ ಕಂಚು ಗೆದ್ದ.

ಹಂಗಾಮು ಮುಗಿದ ಮೇಲೆ

ಸಮೀರವಾಡಿಯಂಥ ಸಕ್ಕರೆ ಊರಿನಲ್ಲಿ ವರ್ಷ ಎರಡು ಭಾಗ. ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗುವ ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯವರಿಗೂ ಬೆಳೆಗಾರರಿಗೂ ಉಸಿರಾಡಲು ಪುರುಸೊತ್ತಿಲ್ಲ. ಬೇಸಿಗೆಗೆ ಬಾಯ್ಲರ್ ಆರಿದ ಮೇಲೆಯೇ ರಜೆಯ ಮಾತು. ಇತ್ತ ಬಾಯ್ಲರ್ ಆರುವ ಹೊತ್ತಿಗೆ ಅತ್ತ ರಾಮೇಶ್ವರದಲ್ಲಿ ನೈರುತ್ಯ ಗಾಳಿ ಏಳುತ್ತದೆ. ದೇಶದ ಕೈಟ್‌ಬೋರ್ಡಿಂಗ್‌ಗೆ ರಾಮೇಶ್ವರ ಮತ್ತು ತೂತ್ತುಕುಡಿಯ ಕರಾವಳಿಯೇ ಮುಖ್ಯ ನೆಲೆ. ರಾಮೇಶ್ವರದಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬಿಗಿಯಾಗಿರುತ್ತದೆ. ನೀರು ಅಲೆಯಿಲ್ಲದೆ ಸಮತಟ್ಟು, ಹಲವು ಕಡೆ ಸೊಂಟದ ಆಳವಷ್ಟೇ.

ಹಂಗಾಮಿನ ಹಂಗಿಲ್ಲದೆ ಚಳಿಗಾಲದಲ್ಲೇ ಬಿಡುವಾಗುವವರಿಗೆ ಹತ್ತಿರದ ಕಡಲು ಗೋವೆಯದು, ಕಾರವಾರದ್ದು. ಅಲ್ಲಿ ಆಗ ಬೀಸುವುದು ಮಧ್ಯಾಹ್ನದ ಮೆಲುಗಾಳಿ. ಮಳೆಗಾಲದ ಪಶ್ಚಿಮ ಕರಾವಳಿಯಂತೂ ಈ ಆಟಕ್ಕೆ ಸಲ್ಲ. ಯಾಂತ್ರಿಕ ದೋಣಿಗಳಿಗೂ ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧವಿರುವ ಕಡಲದು. ಗಾಳಿ ಸವಾರರನ್ನು ನೇರ ದಡಕ್ಕೆ, ಬಂಡೆಗಳತ್ತ ತಳ್ಳುತ್ತದೆ.

ಬೀಳಗಿ ಕಡೆಯ ಹುಡುಗರು ‘ಆಲಮಟ್ಟಿ ಹಿನ್ನೀರು ಇದೆಯಲ್ಲ’ ಎನ್ನಬಹುದು. ವಿಶಾಲ ನೀರು, ಆಷಾಢದ ಗಾಳಿ, ನೋಡಿದರೆ ಆಸೆಯಾಗುವುದು ಸಹಜ. ಆದರೆ ನೆಲದ ಮೇಲಿಂದ ಹಾದು ಬರುವ ಗಾಳಿ ಒಂದೇ ಸಮ ಬೀಸುವುದಿಲ್ಲ, ಎಳೆದು ಬಿಟ್ಟು ಮಾಡುತ್ತದೆ. ನೀರಿನಡಿ ಮುಳುಗಿದ ಊರುಗಳ ಗೋಡೆಗಳಿವೆ, ಮರದ ಬೊಡ್ಡೆಗಳಿವೆ, ಮೀನುಗಾರರ ಬಲೆಗಳಿವೆ. ಬಿದ್ದರೆ ಎತ್ತಿಕೊಳ್ಳುವ ದೋಣಿ ಇಲ್ಲ. ಕಲಿಯುವ ಜಾಗ ಇದಲ್ಲ.

ಅಳತೆಯ ಲೆಕ್ಕ

ಸವಾರರು ಬಳಸುವ ಒಂದು ಸ್ಥೂಲ ಲೆಕ್ಕವಿದೆ. ದೇಹದ ತೂಕವನ್ನು ಗಾಳಿಯ ವೇಗದಿಂದ ಭಾಗಿಸಿ 2.2ರಿಂದ ಗುಣಿಸಿದರೆ ಬೇಕಾದ ಕೈಟಿನ ಚದರ ಮೀಟರ್ ಸಿಗುತ್ತದೆ. ತೂಕ ಕಿಲೊದಲ್ಲಿ, ವೇಗ ನಾಟ್‌ನಲ್ಲಿ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. 75 ಕಿಲೊದವರಿಗೆ 20 ನಾಟ್ ಗಾಳಿಯಲ್ಲಿ ಎಂಟು ಚದರ ಮೀಟರಿನಷ್ಟು ಸಾಕು, 12 ನಾಟ್‌ಗೆ ಹದಿನಾಲ್ಕರ ಹತ್ತಿರ ಬೇಕು. ಜುಲೈನಲ್ಲಿ ರಾಮೇಶ್ವರಕ್ಕೆ ಹೋಗುವವರೂ ಜನವರಿಯಲ್ಲಿ ಗೋವೆಗೆ ಹೋಗುವವರೂ ಒಂದೇ ತೂಕದವರಾದರೂ ಅವರ ಕೈಟ್ ಒಂದೇ ಆಗಲಾರದು.

ಸವಾರಿ ಐದು ತೆರ

ಬಹುಪಾಲು ಜನರದ್ದು ಫ್ರೀರೈಡ್. ಆರಾಮಾಗಿ ಅತ್ತಿತ್ತ ಓಡುವುದು, ನಡುನಡುವೆ ಸಣ್ಣ ಜಿಗಿತ. ಇದಕ್ಕೆ ಬೋ ಅಥವಾ ಡೆಲ್ಟಾ ಆಕಾರದ ಕೈಟ್ ಒಳ್ಳೆಯದು. ಬಾರನ್ನು ಮುಂದಕ್ಕೆ ಬಿಟ್ಟರೆ ಎಳೆತ ಹೆಚ್ಚುಕಡಿಮೆ ಪೂರ್ತಿ ಇಳಿಯುತ್ತದೆ, ನೀರಿನಿಂದ ಸುಲಭವಾಗಿ ಏಳುತ್ತದೆ. ಜೊತೆಗೆ ಎರಡೂ ತುದಿ ಒಂದೇ ಥರ ಇರುವ, 138 ಸೆಂ.ಮೀ. ಆಸುಪಾಸಿನ, ತುಸು ಬಾಗುವ ಟ್ವಿನ್‌ಟಿಪ್ ಬೋರ್ಡ್.

ಫ್ರೀಸ್ಟೈಲ್ ಸವಾರರು ಬಾರನ್ನು ಹಾರ್ನೆಸ್‌ನಿಂದ ಬಿಚ್ಚಿ, ಗಾಳಿಯಲ್ಲಿ ತಿರುಗಿ, ಬಾರನ್ನು ಬೆನ್ನ ಹಿಂದೆ ಕೈಯಿಂದ ಕೈಗೆ ದಾಟಿಸುತ್ತಾರೆ. ಆ ಕ್ಷಣಕ್ಕೆ ದಾರ ಸಡಿಲಾಗಬೇಕು. ಸಿ ಆಕಾರದ ಕೈಟ್ ಅದನ್ನು ಕೊಡುತ್ತದೆ. ಅದರ ಎಳೆತ ಮಾತ್ರ ಒರಟು, ಹೊಸಬರಿಗೆ ಅಪಾಯ. ಬಿಗ್ ಏರ್ ಎಂದರೆ ಎತ್ತರದ ಜಿಗಿತ. ಅದಕ್ಕೆ ಉದ್ದ ರೆಕ್ಕೆಯ, ಐದು ಅಡ್ಡಪಟ್ಟಿಗಳ ಗಟ್ಟಿ ಕೈಟ್ ಬೇಕು, ಬಿರುಗಾಳಿಗೆ ಅಂಜದ ಎದೆಯೂ ಬೇಕು. ಅಲೆ ಸವಾರಿಯವರು ಮೂರೇ ಅಡ್ಡಪಟ್ಟಿಯ ಹಗುರ ಕೈಟನ್ನೂ ಸರ್ಫ್‌ಬೋರ್ಡನ್ನೂ ಆಯ್ದುಕೊಳ್ಳುತ್ತಾರೆ. ಸವಾರ ಅಲೆಯ ಮೇಲಿರುವಾಗ ಕೈಟ್ ಎಳೆಯದೆ ತೇಲುತ್ತ ಹಿಂದೆ ಬರಬೇಕು.

ಐದನೆಯದು ಫಾಯಿಲ್. ಬೋರ್ಡಿನಡಿಯ ಕಂಬಕ್ಕೆ ರೆಕ್ಕೆ. ವೇಗ ಬಂದಂತೆ ಬೋರ್ಡ್ ನೀರು ಬಿಟ್ಟು ಮೇಲೇಳುತ್ತದೆ. ಎಂಟು ಹತ್ತು ನಾಟ್ ಮೆಲುಗಾಳಿಯಲ್ಲೂ ಓಡುತ್ತದೆ, ಗೋವೆ, ಕಾರವಾರದ ಚಳಿಗಾಲಕ್ಕೆ ಹೇಳಿ ಮಾಡಿಸಿದ್ದು. ಆದರೆ ಕಂಬ 80–90 ಸೆಂ.ಮೀ. ಇದ್ದರೆ ರಾಮೇಶ್ವರದ ಆಳವಿಲ್ಲದ ನೀರಿನಲ್ಲಿ ನೆಲಕ್ಕೆ ಬಡಿಯುತ್ತದೆ. ಒಲಿಂಪಿಕ್ಸ್‌ನಲ್ಲಿ ಓಡುವುದು ಇದೇ ಎಂದು ಮೊದಲ ವರ್ಷವೇ ಕೊಂಡರೆ ಕಷ್ಟ.

ಬಟ್ಟೆ, ದಾರ, ಗಾಳಿ

ಹೊಸ ಕೈಟ್ ಒಂದಕ್ಕೇ ಲಕ್ಷ ರೂಪಾಯಿ ದಾಟುತ್ತದೆ. ಹಾಗಾಗಿ ಹಳೆಯದರ ಮೇಲೆ ಕಣ್ಣು ಹೋಗುವುದು ತಪ್ಪಲ್ಲ. ಕೈಟಿನ ಬಟ್ಟೆಯನ್ನು ರಬಕವಿ-ಬನಹಟ್ಟಿಯ ನೇಕಾರರ ಕೈಗೆ ಕೊಟ್ಟರೆ ಥಟ್ಟನೆ ಗುರುತಿಸಿಯಾರು: ಹಾಸಿನಲ್ಲೂ ಹೊಕ್ಕಿನಲ್ಲೂ ಸಣ್ಣ ಅಂತರಕ್ಕೊಂದು ದಪ್ಪ ನೂಲು, ಹರಿದರೆ ಹರಕು ಆ ಚೌಕದಲ್ಲೇ ನಿಲ್ಲಲೆಂದು. ಹೊಸ ಬಟ್ಟೆ ಮುದುರಿದರೆ ಚರಪರ ಎನ್ನುತ್ತದೆ. ಬಿಸಿಲಿಗೆ ಸವೆದದ್ದು ಹಳೆಯ ಪಂಚೆಯಂತೆ ಮೆತ್ತಗಾಗಿರುತ್ತದೆ. ಬಿಸಿಲಿಗೆ ಹಿಡಿದು ನೋಡಿದರೆ ಸೂಜಿತೂತುಗಳು ಕಾಣುತ್ತವೆ. ಹಿಂಬದಿಯ ಅಂಚು ಗಾಳಿಗೆ ಸದಾ ಪಟಪಟ ಬಡಿಯುವುದರಿಂದ ಹೊಲಿಗೆ ಅಲ್ಲಿಯೇ ಮೊದಲು ಬಿಡುತ್ತದೆ. ಪಂಪಿನಿಂದ ಬಿಗಿಯಾಗಿ ಗಾಳಿ ತುಂಬಿಸಿ ಕೆಲವು ಗಂಟೆ ನೆರಳಲ್ಲಿಡಿ. ಸಂಜೆಗೆ ಮೆತ್ತಗಾಗಿದ್ದರೆ ಒಳಚೀಲವೋ ವಾಲ್ವೋ ಸೋರುತ್ತಿದೆ. ದಾರಗಳ ತುದಿಗಳನ್ನು ಒಂದೇ ಗೂಟಕ್ಕೆ ಸಿಕ್ಕಿಸಿ ಬಾರ್ ಹಿಡಿದು ಎಳೆಯಿರಿ. ಬಾರ್ ವಾರೆಯಾದರೆ ಒಂದು ದಾರ ಹಿಗ್ಗಿದೆ ಎಂದೇ ಲೆಕ್ಕ.

ಹಾರ್ನೆಸ್ ಮಾತ್ರ ಮೈಗೆ ಹೊಂದಿಸಿ ನೋಡಿಯೇ ಕೊಳ್ಳಬೇಕು. ಹೆಲ್ಮೆಟ್, ಎದೆಗವಚ ಹೊಸದೇ ಇರಲಿ. ಬಾರ್‌ನಲ್ಲಿರುವ ಕ್ವಿಕ್ ರಿಲೀಸ್ ಒಂದೇ ಒತ್ತಿಗೆ ಬಿಚ್ಚಿಕೊಳ್ಳಬೇಕು. ಆಗ ಕೈಟ್ ಒಂದೇ ದಾರಕ್ಕೆ ಜೋತುಬಿದ್ದು ಬಲ ಕಳೆದುಕೊಳ್ಳುತ್ತದೆ. ಮರಳು, ಉಪ್ಪು ಕಟ್ಟಿ ಅದು ಬಿಗಿದಿದ್ದರೆ ಎಷ್ಟೇ ಅಗ್ಗವಾದರೂ ಆ ಬಾರ್ ಬೇಡ.

ಮೊದಲ ಕೊಳ್ಳುವಿಕೆಗೆ ಹೀಗೆ ಮಾಡಿ: ತರಬೇತಿ ಪೂರ್ತಿ ಶಾಲೆಯ ಸಲಕರಣೆಯಲ್ಲೇ ಮುಗಿಸಿ. ಗಾಳಿಗೆ ಎದುರಾಗಿ ಓಡಿ ಹೊರಟಲ್ಲಿಗೇ ಮರಳುವಷ್ಟು ಪಳಗಿದ ಮೇಲೆ, ನಿಮಗೆ ನಿಜವಾಗಿ ರಜೆ ಸಿಗುವ ತಿಂಗಳ ಗಾಳಿಗೆ ಹೊಂದುವ ಒಂದೇ ಒಂದು ಫ್ರೀರೈಡ್ ಕೈಟ್ ತನ್ನಿ. ಎರಡು ಹಂಗಾಮು ಅದರಲ್ಲೇ ಓಡಿಸಿ. ಜಿಗಿತದ ಹುಚ್ಚೋ, ಅಲೆಯ ಆಸೆಯೋ, ಫಾಯಿಲ್‌ನ ಗೀಳೋ ಎಂಬುದು ಅಷ್ಟರಲ್ಲಿ ತಾನಾಗಿ ಗೊತ್ತಾಗುತ್ತದೆ. ಎರಡನೆಯ ಕೈಟಿನ ದುಡ್ಡು ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಇರಲಿ.